ಇಲ್ಲದ ಚಕ್ರವರ್ತಿಯ ಸೈನಿಕ

1970ರ ನವೆಂಬರ್ 25ರಂದು ಟೋಕಿಯೊದ ಇಚಿಗಾಯಾ ಸೇನಾ ನೆಲೆಯಲ್ಲಿ ಕಾದಂಬರಿಕಾರ ಯುಕಿಯೊ ಮಿಶಿಮಾ ಹೊಟ್ಟೆ ಬಗೆದುಕೊಂಡು ಸತ್ತ. ಆ ಸಾವಿನ ಬಗ್ಗೆ ಎರಡು ಮಾತುಗಳು ಅಂದಿನಿಂದಲೂ ಚಾಲ್ತಿಯಲ್ಲಿವೆ. ಆತನಿಗೆ ಹುಚ್ಚು ಹಿಡಿದಿತ್ತು ಎಂಬುದು ಮೊದಲನೆಯದು. ಅಂದಿನ ಪ್ರಧಾನಿ ಐಸಾಕು ಸಾತೊ ಸುದ್ದಿಗಾರರಿಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆತ ದೇಶಕ್ಕಾಗಿ ಪ್ರಾಣ ತೆತ್ತ ಕೊನೆಯ ಸಮುರಾಯ್ ಎಂಬುದು ಎರಡನೆಯದು. ಒಂದು ಬೈಗುಳ, ಇನ್ನೊಂದು ಹೊಗಳಿಕೆ. ಎರಡಕ್ಕೂ ಒಂದೇ ದೋಷ: ಆತ ಬರೆದದ್ದನ್ನು ಓದುವ ಶ್ರಮದಿಂದ ನಮ್ಮನ್ನು ಪಾರುಮಾಡುತ್ತವೆ. ಓದಿದರೆ ಕಾಣುವುದು ಬೇರೆ. ಮಿಶಿಮಾ ಪ್ರೀತಿಸಿದ ಜಪಾನಿನಲ್ಲಿ ಬದುಕಿದ್ದ ಜಪಾನೀಯರಿಗೆ ಜಾಗವಿರಲಿಲ್ಲ, ಬದುಕಿದ್ದ ಚಕ್ರವರ್ತಿಗೂ ಇರಲಿಲ್ಲ. ಅದು ಪರಿಪೂರ್ಣವಾದ ಒಂದು ಆಕಾರದ ಮೇಲಿನ ಮೋಹ. ಇಂದು ನಾನು ವಾದಿಸಲಿರುವುದು ಇಷ್ಟನ್ನೇ.

ಆತನ ನಿಜನಾಮ ಕಿಮಿತಾಕೆ ಹಿರಾವೊಕ. 1925ರ ಜನವರಿಯಲ್ಲಿ ಟೋಕಿಯೊದಲ್ಲಿ ಹುಟ್ಟಿದ ಕೂಸನ್ನು ಅಜ್ಜಿ ತನ್ನ ಕೋಣೆಗೆ ಎತ್ತಿಕೊಂಡು ಹೋಗಿ, ಹನ್ನೆರಡು ವರ್ಷ ತಾನೇ ಸಾಕಿದಳು. ಓದಿದ್ದು ಗಣ್ಯರ ಮಕ್ಕಳ ಶಾಲೆಯಾದ ಗಾಕುಶೂಯಿನ್‌ನಲ್ಲಿ. 1944ರಲ್ಲಿ ಮೊದಲಿಗನಾಗಿ ತೇರ್ಗಡೆಯಾಗಿ ಚಕ್ರವರ್ತಿಯ ಬಹುಮಾನವಾದ ಬೆಳ್ಳಿಯ ಗಡಿಯಾರ ಪಡೆದ. ಮರುವರ್ಷ ಫೆಬ್ರವರಿಯಲ್ಲಿ ಸೇನೆಯ ಕರೆ ಬಂತು. ನೆಗಡಿ-ಜ್ವರದಲ್ಲಿದ್ದ ಹುಡುಗನಿಗೆ ಎದೆರೋಗವಿದೆಯೆಂದು ಸೇನಾ ವೈದ್ಯರು ತಪ್ಪಾಗಿ ತಿಳಿದು ಮನೆಗೆ ಕಳಿಸಿಬಿಟ್ಟರು. 1949ರಲ್ಲಿ ಆತನಿಗೆ ಹೆಸರು ತಂದ ಕಾದಂಬರಿ ‘ಮುಖವಾಡದ ನಿವೇದನೆಗಳು’. ಅದರ ನಿರೂಪಕ ಇಂಥದೇ ಪರೀಕ್ಷೆಯಲ್ಲಿ ರೋಗಲಕ್ಷಣಗಳ ಬಗ್ಗೆ ಸುಳ್ಳು ಹೇಳಿ ಪಾರಾಗುತ್ತಾನೆ. ಲೇಖಕನನ್ನೂ ನಿರೂಪಕನನ್ನೂ ಒಂದು ಮಾಡುವುದು ತಪ್ಪೆಂದು ಬಲ್ಲೆ. ಆದರೂ ಇದನ್ನು ಗಮನಿಸಬೇಕು: ಯುದ್ಧ ನಿಜವಾಗಿ ನಡೆಯುತ್ತಿದ್ದಾಗ ಆತ ಅದರ ಹೊರಗುಳಿದ, ಅದು ಮುಗಿದು, ನೆನಪಾಗಿ, ಚಿತ್ರವಾದ ಮೇಲೆ ಅದರೊಳಗೆ ಹೋಗಲು ಹಂಬಲಿಸಿದ. 1955ರಿಂದ ಕಬ್ಬಿಣ ಎತ್ತಿ ಮೈ ಬೆಳೆಸಿದ್ದು, 1967ರಲ್ಲಿ ಆತ್ಮರಕ್ಷಣಾ ಪಡೆಯಲ್ಲಿ ಸುಮಾರು ಒಂದೂವರೆ ತಿಂಗಳು ತರಬೇತಿ ಪಡೆದದ್ದು, ಮರುವರ್ಷ ತನ್ನ ಗೌರವಧನದಿಂದಲೇ ನೂರರಷ್ಟು ಯುವಕರ ‘ತಾತೆನೊಕಾಯ್’ ಅಂದರೆ ಗುರಾಣಿ ಸಂಘ ಕಟ್ಟಿದ್ದು, ಎಲ್ಲವೂ ಆ ಹಂಬಲದ ಮಜಲುಗಳು. ಸಂಘದ ಚೆಂದದ ಸಮವಸ್ತ್ರ ಕಂಡು ಪತ್ರಿಕೆಗಳು ‘ಆಟಿಕೆ ಸೈನ್ಯ’ ಎಂದು ನಕ್ಕವು.

ಈಗ ಚಕ್ರವರ್ತಿಯ ವಿಷಯ. 1966ರ ‘ವೀರಾತ್ಮಗಳ ದನಿ’ ಎಂಬ ಕೃತಿಯಲ್ಲಿ ಸತ್ತವರು ಒಬ್ಬ ಕುರುಡು ಯುವಕನ ಮೈಮೇಲೆ ಬಂದು ಮಾತಾಡುತ್ತಾರೆ. 1936ರ ಫೆಬ್ರವರಿ 26ರಂದು ಚಕ್ರವರ್ತಿಯ ಹೆಸರಿನಲ್ಲಿ ದಂಗೆಯೆದ್ದು, ಅದೇ ಚಕ್ರವರ್ತಿಯ ಸಿಟ್ಟಿಗೆ ಗುರಿಯಾಗಿ ಮರಣದಂಡನೆ ಪಡೆದ ಅಧಿಕಾರಿಗಳು ಒಂದು ಕಡೆ. ವಿಮಾನದ ಸಮೇತ ಶತ್ರುಹಡಗಿಗೆ ಅಪ್ಪಳಿಸಿದ ಕಾಮಿಕಾಜೆ ಸೈನಿಕರು ಇನ್ನೊಂದು ಕಡೆ. ಇಬ್ಬರದೂ ಒಂದೇ ಅಳಲು: ನೀನೇಕೆ ಮನುಷ್ಯನಾದೆ? 1946ರ ಹೊಸವರ್ಷದ ದಿನ ಚಕ್ರವರ್ತಿ ಹಿರೋಹಿತೊ ತನ್ನ ದೈವತ್ವವನ್ನು ನಿರಾಕರಿಸಿದ್ದರ ಮೇಲಿನ ದೋಷಾರೋಪ ಇದು. ರಾಜಭಕ್ತನೊಬ್ಬ ರಾಜನನ್ನೇ ಕಟಕಟೆಗೆ ಹತ್ತಿಸುವ ಈ ವಿಚಿತ್ರವನ್ನು ಜಪಾನಿನ ಬಲಪಂಥೀಯರಲ್ಲಿ ಹಲವರು ಸಹಿಸಲಿಲ್ಲ. ಎರಡು ವರ್ಷಗಳ ನಂತರದ ‘ಸಂಸ್ಕೃತಿಯ ರಕ್ಷಣೆ’ ಪ್ರಬಂಧದಲ್ಲಿ ಚಕ್ರವರ್ತಿ ಒಂದು ‘ಸಾಂಸ್ಕೃತಿಕ ಪರಿಕಲ್ಪನೆ’ಯಾಗುತ್ತಾನೆ: ಕಾವ್ಯ, ಶಿಷ್ಟಾಚಾರ, ಖಡ್ಗ ಎಲ್ಲವೂ ಬಂದು ಸೇರುವ ಬಿಂದು. ಅಂಥವನ ಜೊತೆ ಸೇನೆಯನ್ನು ಗೌರವದ ನಂಟಿನಿಂದ ಬೆಸೆಯಬೇಕೆಂಬುದು ಪ್ರಬಂಧದ ಬೇಡಿಕೆ. ವಿಮರ್ಶಕ ಹಾಷಿಕಾವಾ ಬುನ್ಜೊ ಕೂಡಲೇ ಇದರ ಬಿರುಕು ತೋರಿಸಿದರು. ಸೇನೆಯನ್ನು ಕಟ್ಟಿಕೊಂಡ ಕ್ಷಣವೇ ಚಕ್ರವರ್ತಿ ಸಂಸ್ಕೃತಿಯ ಸಂಕೇತವಾಗಿ ಉಳಿಯುವುದಿಲ್ಲ, ರಾಜಕಾರಣದ ಆಯುಧವಾಗುತ್ತಾನೆ. ಮಿಶಿಮಾ ಬಹಿರಂಗ ಪತ್ರ ಬರೆದು ಉತ್ತರಿಸಿದ, ಆದರೆ ಬಿರುಕು ಮುಚ್ಚಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷ್ಯ 1969ರ ಮೇ 13ರದು. ಅಂದು ಮಿಶಿಮಾ ಟೋಕಿಯೊ ವಿಶ್ವವಿದ್ಯಾಲಯದ ಎಡಪಂಥೀಯ ವಿದ್ಯಾರ್ಥಿಗಳ ಸಭೆಗೆ ಒಬ್ಬನೇ ಹೋದ. ಸಾವಿರದಷ್ಟು ವಿರೋಧಿಗಳ ನಡುವೆ ನಗುನಗುತ್ತಾ ವಾದಿಸಿದ ಆ ಧೈರ್ಯವನ್ನು ಮೆಚ್ಚಲೇಬೇಕು. ನೀವು ‘ಚಕ್ರವರ್ತಿ’ ಎಂಬ ಒಂದು ಮಾತನ್ನು ಆಡಿಬಿಟ್ಟರೆ ಸಂತೋಷದಿಂದ ನಿಮ್ಮ ಕೈ ಹಿಡಿಯುತ್ತೇನೆ ಎಂದ. ಅವರ ಕಾರ್ಯಕ್ರಮ ಏನೆಂಬುದು ಆತನಿಗೆ ಮುಖ್ಯವಲ್ಲ, ಆ ಪದ ಸಾಕು! ಅದೇ ಸಭೆಯಲ್ಲಿ ತನ್ನ ಪದವಿಪ್ರದಾನದ ದಿನವನ್ನು ನೆನೆದ. ಚಕ್ರವರ್ತಿ ಮೂರು ತಾಸು ಅಲುಗಾಡದೆ ವಿಗ್ರಹದಂತೆ ಕೂತಿದ್ದುದು ಅದ್ಭುತವಾಗಿ ಕಂಡಿತ್ತಂತೆ. ಜೀವಂತ ಹಿರೋಹಿತೊನಲ್ಲಿ ಆತ ಮೆಚ್ಚಿದ್ದು ಆತ ಜೀವಂತನಂತೆ ಕಾಣದ ಆ ಮೂರು ತಾಸುಗಳನ್ನು.

ಸಿದ್ಧಾಂತದಲ್ಲಿ ತಪ್ಪಿದ್ದರೂ ಪ್ರಶ್ನೆ ಸರಿಯಾಗಿತ್ತಲ್ಲ ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿದೆ. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 9ನೇ ವಿಧಿ ಜಪಾನ್ ಸೇನೆ ಇಟ್ಟುಕೊಳ್ಳುವುದಿಲ್ಲ ಎನ್ನುತ್ತದೆ. 1954ರಿಂದ ಆತ್ಮರಕ್ಷಣಾ ಪಡೆ ಎಂಬ ಹೆಸರಿನ ಸೇನೆ ಅಲ್ಲಿದೆ. ಈ ದ್ವಂದ್ವವನ್ನು ಕಂಡದ್ದು ಹುಚ್ಚಲ್ಲ. ಆದರೆ ಅದಕ್ಕೆ ಆತ ಹುಡುಕಿದ ದಾರಿ ಯಾವುದು? 1969ರ ಅಕ್ಟೋಬರ್ 21ರ ಯುದ್ಧವಿರೋಧಿ ಪ್ರದರ್ಶನಗಳನ್ನು ಪೊಲೀಸರೇ ಹತೋಟಿಗೆ ತಂದರು, ಸೇನೆ ಬೀದಿಗಿಳಿಯಬೇಕಾಗಲಿಲ್ಲ. ಯಾವ ದೇಶದಲ್ಲೂ ಇದು ನೆಮ್ಮದಿಯ ಸುದ್ದಿ. ಮಿಶಿಮಾನ ಕೊನೆಯ ಕರಪತ್ರ ಮಾತ್ರ ಇದನ್ನೇ ದೊಡ್ಡ ದುರಂತವೆಂದು ಶೋಕಿಸುತ್ತದೆ, ಏಕೆಂದರೆ ಸೇನೆ ಇಳಿದಿದ್ದರೆ ಸಂವಿಧಾನ ತಿದ್ದುವ ಅವಕಾಶ ತೆರೆಯುತ್ತಿತ್ತು ಎಂಬುದು ಆತನ ಲೆಕ್ಕ. ಊರು ಹೊತ್ತಿ ಉರಿಯಲಿಲ್ಲವೆಂದು ಕೊರಗುವವನನ್ನು ಊರಿನ ಹಿತೈಷಿ ಎನ್ನುವುದು ಕಷ್ಟ.

ಇಚಿಗಾಯಾದ ಬಾಲ್ಕನಿಯಲ್ಲಿ ಆ ಊರು ಎದುರಿಗೇ ನಿಂತಿತ್ತು. ನಾಲ್ವರು ಅನುಯಾಯಿಗಳೊಡನೆ ಅಲ್ಲಿಯ ಸೇನಾ ಮುಖ್ಯಸ್ಥ ಜನರಲ್ ಮಾಶಿತಾರನ್ನು ಅವರದೇ ಕಚೇರಿಯಲ್ಲಿ ಕುರ್ಚಿಗೆ ಕಟ್ಟಿಹಾಕಿ, ತಡೆಯಲು ಬಂದವರನ್ನು ಖಡ್ಗದಿಂದ ಗಾಯಗೊಳಿಸಿ, ಮಿಶಿಮಾ ಹೊರಗೆ ಬಂದು ನಿಂತ. ಕೆಳಗೆ ಸಾವಿರದ ಆಸುಪಾಸು ಸೈನಿಕರು. ಧ್ವನಿವರ್ಧಕವಿಲ್ಲ, ಮೇಲೆ ಹೆಲಿಕಾಪ್ಟರುಗಳ ಗದ್ದಲ. ಅರ್ಧ ತಾಸು ಮಾತಾಡಬೇಕೆಂದಿದ್ದವನು ಕೂಗಾಟ, ಗೇಲಿಗಳ ನಡುವೆ ಹತ್ತು ನಿಮಿಷದೊಳಗೇ ನಿಲ್ಲಿಸಿ ಒಳಗೆ ಹೋದ. ಒಬ್ಬನೂ ಜೊತೆಗೂಡಲಿಲ್ಲ. ಗೆಲ್ಲುವ ನಿರೀಕ್ಷೆ ಆತನಿಗೂ ಇದ್ದಂತಿಲ್ಲ. ಕರಪತ್ರವೂ ಭಾವಚಿತ್ರಗಳೂ ಕೈಸೇರುವಂತೆ ಇಬ್ಬರು ಪತ್ರಕರ್ತರನ್ನು ಮೊದಲೇ ಹತ್ತಿರಕ್ಕೆ ಕರೆಸಿಟ್ಟಿದ್ದ. 1961ರ ‘ದೇಶಭಕ್ತಿ’ ಕಥೆಯ ಲೆಫ್ಟಿನೆಂಟ್ ಹೀಗೆಯೇ ಹೊಟ್ಟೆ ಬಗೆದುಕೊಂಡು ಸಾಯುತ್ತಾನೆ. ಐದು ವರ್ಷದ ಮೇಲೆ ಅದನ್ನು ಸಿನಿಮಾ ಮಾಡಿ ಆ ಪಾತ್ರವನ್ನು ತಾನೇ ಅಭಿನಯಿಸಿದ್ದ. ಆ ಲೆಫ್ಟಿನೆಂಟ್ 1936ರ ದಂಗೆಯಲ್ಲಿ ಭಾಗವಹಿಸಿದವನೂ ಅಲ್ಲ; ಕಥೆಯಲ್ಲೇ ರಾಜಕಾರಣ ಹೊಸಿಲಾಚೆ ನಿಂತಿದೆ.

ಪ್ರಾಣವನ್ನೇ ಕೊಟ್ಟವನ ಪ್ರಾಮಾಣಿಕತೆಯನ್ನು ಶಂಕಿಸಬಹುದೇ ಎಂದು ಕೇಳುವವರಿದ್ದಾರೆ. ನಾನು ಶಂಕಿಸುವುದಿಲ್ಲ. ಆದರೆ ಸಾವು ಸತ್ತವನ ನಿಷ್ಠೆಗೆ ಸಾಕ್ಷಿಯಾದೀತೇ ಹೊರತು ಆತನ ವಿಚಾರದ ಸತ್ಯಕ್ಕೆ ಅಲ್ಲ. ಬೆಲೆ ತೆತ್ತವನು ಆತನೊಬ್ಬನೇ ಕೂಡ ಅಲ್ಲ. ಇಪ್ಪತ್ತೈದರ ಅನುಯಾಯಿ ಮಸಾಕಾತ್ಸು ಮೊರಿತಾ, ಹೊಟ್ಟೆ ಬಗೆದುಕೊಂಡ ಗುರುವಿನ ತಲೆಯನ್ನು ವಿಧಿಯಂತೆ ಕಡಿಯುವ ಹೊಣೆ ಹೊತ್ತು, ಕೈ ಸೋತು, ಆ ಕೆಲಸವನ್ನು ಸಂಗಾತಿಗೆ ಬಿಟ್ಟು ತಾನೂ ಸತ್ತ. ಉಳಿದ ಮೂವರಿಗೆ ನಾಲ್ಕು ವರ್ಷ ಸೆರೆವಾಸವಾಯಿತು. ಮೊರಿತಾನೇ ಮುಂದಾಗಿ ಒತ್ತಾಯಿಸಿದ ಎನ್ನುವವರೂ ಇದ್ದಾರೆ. ಹಾಗೇ ಇರಲಿ, ನಲವತ್ತೈದರ ಗುರು ಬೇಡ ಎನ್ನಬಹುದಿತ್ತು.

ಹಾಗಾದರೆ ಆತನ ಕೃತಿಗಳನ್ನೂ ಬದಿಗಿಡಬೇಕೇ? ಇಲ್ಲ, ಆತನಿಗೆ ತಕ್ಕ ಉತ್ತರವಿರುವುದು ಅಲ್ಲಿಯೇ. ನಾಲ್ಕು ಸಂಪುಟಗಳ ‘ಫಲವತ್ತತೆಯ ಸಾಗರ’ದಲ್ಲಿ ಹೊಂಡಾ ಎಂಬ ನ್ಯಾಯವಾದಿ ತನ್ನ ಬಾಲ್ಯದ ಗೆಳೆಯ ಕಿಯೊಆಕಿ ಮತ್ತೆಮತ್ತೆ ಹುಟ್ಟಿಬರುತ್ತಿದ್ದಾನೆಂದು ನಂಬಿ ಇಡೀ ಬದುಕನ್ನು ಸವೆಸುತ್ತಾನೆ. ಮಿಶಿಮಾ 1967ರಲ್ಲಿ ಭಾರತಕ್ಕೆ ಬಂದಿದ್ದ. ಆತ ಕಂಡ ಕಾಶಿಯ ಘಾಟುಗಳೂ ಅಜಂತಾವೂ ಮೂರನೆಯ ಸಂಪುಟದಲ್ಲಿವೆ. ಯೋಗಾಚಾರ ಬೌದ್ಧರ ಆಲಯವಿಜ್ಞಾನದ, ಅಂದರೆ ಕರ್ಮದ ಬೀಜಗಳನ್ನು ಹೊತ್ತಿರುವ ಆಳದ ಪ್ರಜ್ಞೆಯ, ದೀರ್ಘ ಚರ್ಚೆಯೂ ಇದೆ (ಓದುಗರ ತಾಳ್ಮೆ ಪರೀಕ್ಷಿಸುವಷ್ಟು ದೀರ್ಘ). ಕೊನೆಯಲ್ಲಿ ಮುದುಕ ಹೊಂಡಾ, ಕಿಯೊಆಕಿ ಪ್ರೀತಿಸಿದ್ದ ಸಾತೊಕೊಳನ್ನು ಕಾಣಲು ಮಠಕ್ಕೆ ಹೋಗುತ್ತಾನೆ. ಅವಳು ಈಗ ಅಲ್ಲಿಯ ಮುಖ್ಯಸ್ಥೆ. ಅಂಥ ಹೆಸರಿನವನನ್ನು ತಾನು ಅರಿಯೆ, ಅಂಥವನೊಬ್ಬ ಇದ್ದನೆಂಬುದು ನಿಜವೇ ಎನ್ನುತ್ತಾಳೆ. ಅರವತ್ತು ವರ್ಷದ ನಿಷ್ಠೆಗೆ ಆಸರೆಯಾಗಿದ್ದ ರೂಪ ಒಂದು ಮಾತಿನಲ್ಲಿ ಕರಗಿಹೋಗುತ್ತದೆ. ಈ ಅಧ್ಯಾಯದ ಹಸ್ತಪ್ರತಿಯನ್ನು ಮಿಶಿಮಾ 1970ರ ಆಗಸ್ಟ್‌ನಲ್ಲೇ ತನಗೆ ತೋರಿಸಿದ್ದನೆಂದು ಗೆಳೆಯ, ವಿದ್ವಾಂಸ ಡೊನಾಲ್ಡ್ ಕೀನ್ ಹೇಳಿದ್ದಾರೆ. ಆದರೂ ಕೊನೆಯ ಹಾಳೆಯ ಮೇಲಿರುವ ತಾರೀಖು ನವೆಂಬರ್ 25. ಅಂದು ಬೆಳಿಗ್ಗೆ ಆ ಕಂತನ್ನು ಪ್ರಕಾಶಕರಿಗೆಂದು ಮನೆಯಲ್ಲಿಟ್ಟು, ಖಡ್ಗ ತೆಗೆದುಕೊಂಡು ಆತ ಇಚಿಗಾಯಾಗೆ ಹೊರಟ.