ಎಣ್ಣೆ ಹಾಕೋರು ಯಾರು?

ಇವತ್ತು ಯಾವ ಪಕ್ಷದ ಜಗಳವನ್ನೂ ಹೊತ್ತುಕೊಂಡು ಬಂದಿಲ್ಲ. ಒಂದು ದೀಪದ ಕಥೆ ಹೇಳ್ತೀನಿ, ಕೇಳಿ.

ಮೊನ್ನೆ ಕೊಚ್ಚಿಗೆ ಹೋಗಿದ್ದೆ. ಎರ್ನಾಕುಲಂ ಎದುರಿನ ಹಿನ್ನೀರಿನಲ್ಲಿ ವಲ್ಲಾರ್‌ಪಾಡಂ ಅನ್ನೋ ದ್ವೀಪ ಇದೆ. ಮೊದಲು ಅಲ್ಲಿಗೆ ದೋಣಿಯೇ ಗತಿ. 2004ರಲ್ಲಿ ಗೋಶ್ರೀ ಸೇತುವೆಗಳಾದ ಮೇಲೆ ಬಸ್ಸಿನಲ್ಲೇ ಹೋಗಬಹುದು. ಇಳಿದರೆ ಎದುರಿಗೇ ಮಾತೆ ಮರಿಯಮ್ಮನ ಚರ್ಚ್. ಊರಿನವರ ಬಾಯಲ್ಲಿ ಆಕೆ ವಲ್ಲಾರ್‌ಪಾಡತ್ತಮ್ಮ.

1524ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಕಟ್ಟಿದ್ದ ಚರ್ಚು 1676ರ ಪ್ರವಾಹಕ್ಕೆ ಹಾಳಾಯಿತು. ಮರಿಯಮ್ಮನ ಚಿತ್ರ ನೀರಿನಲ್ಲಿ ತೇಲಿ ಹೋಗ್ತಾ ಇತ್ತಂತೆ. ಅದನ್ನು ಎತ್ತಿಸಿದವರು ಯಾರು ಗೊತ್ತಾ? ಕೊಚ್ಚಿ ರಾಜರ ಮಂತ್ರಿ ಪಾಲಿಯತ್ತಚ್ಚನ್. ಹಿಂದೂ ಮನೆತನದವರು. ಚಿತ್ರ ಎತ್ತಿ ಕೊಟ್ಟು ಸುಮ್ಮನಾಗಲಿಲ್ಲ. ಹೊಸ ಚರ್ಚಿಗೆ ಜಾಗ ಕೊಟ್ಟರು, ಉರಿಯೋಕೆ ಒಂದು ದೀಪವನ್ನೂ ಕೊಟ್ಟರು. ಆ ದೀಪ ಇವತ್ತಿಗೂ ಉರಿಯುತ್ತಿದೆ.

ಇನ್ನೊಂದು ಕಥೆ. 1752ರಲ್ಲಿ ಮೀನಾಕ್ಷಿ ಅಮ್ಮ ಅನ್ನೋ ನಾಯರ್ ಹೆಂಗಸಿದ್ದ ದೋಣಿ ಬಿರುಗಾಳಿಗೆ ಮಗುಚಿತು. ಕಂಕುಳಲ್ಲಿ ಎಳೆ ಮಗು. ಬದುಕಿದರೆ ಬಾಳೆಲ್ಲ ನಿನ್ನ ಸೇವೆ ಮಾಡ್ತೀನಿ ಅಂತ ಹರಕೆ ಹೊತ್ತಳು. ಮೂರನೇ ದಿನ ಮೀನುಗಾರರ ಬಲೆಗೆ ತಾಯಿ, ಮಗು ಜೀವಂತವಾಗಿ ಸಿಕ್ಕರು ಅನ್ನೋದು ಅಲ್ಲಿಯವರ ನಂಬಿಕೆ. ಆಕೆ ಮಾತು ತಪ್ಪಲಿಲ್ಲ. ಉಳಿದ ಬದುಕನ್ನು ಚರ್ಚಿನಲ್ಲೇ ಸವೆಸಿದಳು. ಅದಕ್ಕೇ ಇಲ್ಲಿಗೆ ಬಂದವರು ಪೊರಕೆ ಹಿಡಿದು ಅಂಗಳ ಗುಡಿಸ್ತಾರೆ. ಅದೇ ಹರಕೆ. ಜಾತಿ, ಧರ್ಮ ಯಾರೂ ಕೇಳಲ್ಲ. ನಾನೂ ನಾಲ್ಕು ಹೆಜ್ಜೆ ಗುಡಿಸಿದೆ.

ಗುಡಿಸಿ ತಲೆ ಎತ್ತಿದರೆ ಕಿವಿಗೆ ಬಿದ್ದದ್ದು ಕಂಟೇನರ್ ಲಾರಿಗಳ ಸದ್ದು. 2011ರಲ್ಲಿ ಇದೇ ದ್ವೀಪದಲ್ಲಿ ದೊಡ್ಡ ಕಂಟೇನರ್ ಟರ್ಮಿನಲ್ ಶುರುವಾಯಿತು. ಅದಕ್ಕಾಗಿ 4.62 ಕಿಲೋಮೀಟರ್ ಉದ್ದದ ರೈಲು ಸೇತುವೆ ಕಟ್ಟಿದರು. ಬಂದರು ಬೇಡ ಅನ್ನೋ ಮನುಷ್ಯ ನಾನಲ್ಲ. ದೇಶಕ್ಕೆ ಬೇಕು. ಆದರೆ ಆ ದಾರಿಗಾಗಿ ಪಕ್ಕದ ಮೂಲಂಪಿಳ್ಳಿ ದ್ವೀಪ ಮತ್ತು ಸುತ್ತಲಿನ ಊರುಗಳಿಂದ 316 ಕುಟುಂಬಗಳು ಮನೆ ಕಳೆದುಕೊಂಡವು. 2008ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿಯಲ್ಲಿ ಪೊಲೀಸರನ್ನಿಟ್ಟುಕೊಂಡು ಮನೆ ಕೆಡವಿದರು. ಗಲಾಟೆಯಾದ ಮೇಲೆ ಸರ್ಕಾರ ಮಾತು ಕೊಟ್ಟಿತು: ನಿವೇಶನ ಕೊಡ್ತೀವಿ, ಮನೆಗೊಬ್ಬರಿಗೆ ಕೆಲಸ ಕೊಡ್ತೀವಿ. ಹತ್ತು ವರ್ಷ ದಾಟಿದರೂ ಬಾಡಿಗೆ ಮನೆಯಲ್ಲೇ ಉಳಿದವರು ಬಹಳ ಜನ. ಕೊಟ್ಟ ನಿವೇಶನಗಳಲ್ಲಿ ಎಷ್ಟೋ ಜೌಗು ನೆಲ. ಕಟ್ಟಿದ ಗೋಡೆ ಬಿರುಕು ಬಿಟ್ಟಿತು.

ಈಗ ನೀವೇ ಹೇಳಿ. 1676ರಲ್ಲಿ ಒಬ್ಬ ಮಂತ್ರಿ ಬೇರೆ ಧರ್ಮದವರಿಗೆ ಭೂಮಿ ಕೊಟ್ಟ. ಅವನು ಕೊಟ್ಟ ದೀಪ ಇನ್ನೂ ಆರಿಲ್ಲ. ನಮ್ಮ ಕಾಲದ ಮಂತ್ರಿಗಳು ತಮ್ಮದೇ ಪ್ರಜೆಗಳ ಭೂಮಿ ತಗೊಂಡು ಮಾತು ಕೊಟ್ಟರು. ಅದು ಎಷ್ಟು ದಿನ ಉರಿಯಿತು?

ದೀಪ ಯಾರು ಬೇಕಾದರೂ ಹಚ್ಚಬಹುದು ಸ್ವಾಮಿ. ಕ್ಯಾಮೆರಾ ಇದ್ದರಂತೂ ಸಾಲುಗಟ್ಟಿ ಹಚ್ತಾರೆ. ಕ್ಯಾಮೆರಾ ಹೋದ ಮೇಲೆ ಬಂದು ಎಣ್ಣೆ ಹಾಕೋನೇ ಮಾತಿನವನು. ಮುಂದಿನ ಸಲ ಯಾರಾದರೂ ನಿಮ್ಮೂರಿಗೆ ಬಂದು ಶಂಕುಸ್ಥಾಪನೆ ಮಾಡಿದರೆ ಒಂದೇ ಪ್ರಶ್ನೆ ಕೇಳಿ: ಎಣ್ಣೆ ಹಾಕೋರು ಯಾರು?