ಸೋಫಾ ವಿಮರ್ಶಕರ ನಾಲ್ಕು ಮಾತು
(ವಾರ್ಷಿಕ ಸಹಾಯಾರ್ಥ ಸಂಜೆಯಲ್ಲಿ ಆಡಿದ ಮಾತುಗಳ ಬರಹರೂಪ)

ಊಟಕ್ಕೆ ಮುಂಚೆ ಮಾತಾಡಿ ಎಂದಿದ್ದಾರೆ. ಅಂದರೆ ಬೇಗ ಮುಗಿಸಿ ಎಂದರ್ಥ.

ಸಿನಿಮಾ ವಿಷಯದಲ್ಲಿ ನಾವು ಪಂಡಿತರಲ್ಲ. ಶನಿವಾರ ರಾತ್ರಿ ಪಾತ್ರೆ ತೊಳೆದಿಟ್ಟು ಟಿವಿ ಮುಂದೆ ಕೂರುವವರು. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆಗೆ ಡಿವಿಡಿ ತರಿಸಿಕೊಳ್ಳುತ್ತಿದ್ದ ಕಾಲದಿಂದಲೂ ಈ ಪದ್ಧತಿ ನಡೆದುಬಂದಿದೆ. ಅಭಿಪ್ರಾಯ ಹೇಳಲು ಅಷ್ಟು ಅರ್ಹತೆ ಸಾಕು ಎಂದುಕೊಂಡಿದ್ದೇವೆ.

ಮೊದಲು ಸುಲಭವಾದದ್ದು. 2006ರ 'ಮುಂಗಾರು ಮಳೆ'ಯನ್ನು ಮಕ್ಕಳಿಗೆ ತೋರಿಸಿದೆವು. ಅವರಿಗೆ ಜೋಗವೂ ನೆನಪಿಲ್ಲ, ಪ್ರೀತಿಯೂ ನೆನಪಿಲ್ಲ. ದೇವದಾಸ ಎಂಬ ಮೊಲ ಒಂದೇ ನೆನಪು. ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಮಳೆ ಧಾರಾಳವಾಗಿ ಸುರಿಯಿತು, ಅಂಥ ಮೊಲ ಮಾತ್ರ ಬರಲಿಲ್ಲ.

ಊರಿಂದ ಅಪ್ಪ ಅಮ್ಮ ಬಂದಾಗ 'ಬಂಗಾರದ ಮನುಷ್ಯ' ಹಾಕಲೇಬೇಕು. 1972ರ ಚಿತ್ರ, ಆದರೂ ರಾಜೀವ ಬಂಜರು ನೆಲವನ್ನು ಹಸನು ಮಾಡುವ ಭಾಗ ಇವತ್ತಿಗೂ ಎಲ್ಲರನ್ನೂ ಹಿಡಿದು ಕೂರಿಸುತ್ತದೆ. ನಮ್ಮ ತಕರಾರು ಕೊನೆಯ ಭಾಗದ್ದು. ಸಾಕಿ ಬೆಳೆಸಿದ ಅಕ್ಕನ ಮಗನೇ ಅನುಮಾನದ ಮಾತಾಡಿದಾಗ ಆ ಪುಣ್ಯಾತ್ಮ ಏನನ್ನೂ ವಿವರಿಸದೆ ಮನೆ ಬಿಟ್ಟು ನಡೆಯುತ್ತಾನೆ. ಅಪ್ಪ ಕಣ್ಣೊರೆಸಿಕೊಂಡು "ಅದು ಸ್ವಾಭಿಮಾನ" ಎನ್ನುತ್ತಾರೆ. ಮಕ್ಕಳು "ಬಾಯಿ ಬಿಟ್ಟು ಹೇಳಬಾರದಿತ್ತಾ ತಾತ?" ಎಂದು ಕೇಳುತ್ತಾರೆ. ನಮ್ಮ ಮತ ಮಕ್ಕಳ ಕಡೆಗೆ.

ಈ ಹೇಳುವುದು, ಹೇಳದಿರುವುದು ಎಂಬ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ದೊಡ್ಡ ಸಿನಿಮಾ ಅಲ್ಲ, 'ಮಾಲ್ಗುಡಿ ಡೇಸ್'ನ ಒಂದು ಪುಟ್ಟ ಕಂತು. ಶಂಕರನಾಗ್ ನಿರ್ದೇಶಿಸಿ 1986ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಮಾತು ಹಿಂದಿಯಲ್ಲಾದರೂ ಊರು ನಮ್ಮ ಆಗುಂಬೆ, ಮುಖಗಳು ಬಹುಪಾಲು ನಮ್ಮವೇ. ಎಲ್ಲರೂ ಸ್ವಾಮಿಯ ತುಂಟತನವನ್ನು ಮೆಚ್ಚುತ್ತಾರೆ. ನಮಗೆ ಬೇಕಾದವನು ತಾನಪ್ಪ ಎಂಬ ಅಂಚೆಯವನು.

ಆರ್. ಕೆ. ನಾರಾಯಣರ ಕಥೆ ಇದು. ತಾನಪ್ಪನಿಗೆ ಬೀದಿಯ ಪ್ರತಿ ಮನೆಯ ಸುಖದುಃಖವೂ ಗೊತ್ತು. ರಾಮಾನುಜಂ ಎಂಬವರ ಮಗಳ ಮದುವೆ ಕೂಡಿಬರಲು ಅವನದೇ ಒತ್ತಾಸೆ. ಆ ಮುಹೂರ್ತ ತಪ್ಪಿದರೆ ಮದುವೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಹತ್ತಿರದ ಬಂಧುವೊಬ್ಬರ ಕಾಯಿಲೆಯ ಕಾರ್ಡು, ಅದರ ಬೆನ್ನಿಗೇ ಸಾವಿನ ತಂತಿ. ಎರಡನ್ನೂ ಅವನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಮದುವೆ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ಕೆಲಸ ಹೋದರೆ ಹೋಗಲಿ ಎಂದು ನಿಲ್ಲುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಹಾಗೆಂದು ಮೆಚ್ಚುವುದೂ ಇಲ್ಲ.

ತಾನಪ್ಪ ಮಾಡಿದ್ದು ಸರಿಯೋ ತಪ್ಪೋ? ನಮ್ಮಲ್ಲಿ ಒಮ್ಮತವಿಲ್ಲ. ಆದರೆ ಈ ಸಭೆಯಲ್ಲಿ ಒಬ್ಬೊಬ್ಬರ ಮನೆಗೂ ಒಬ್ಬ ತಾನಪ್ಪ ಇದ್ದಾನೆ ಎಂದು ಧೈರ್ಯವಾಗಿ ಹೇಳಬಲ್ಲೆವು. ಅಮ್ಮ ಬಚ್ಚಲಲ್ಲಿ ಜಾರಿಬಿದ್ದದ್ದು ಪ್ಲಾಸ್ಟರ್ ಬಿಚ್ಚಿದ ಮೇಲೆ ನಮಗೆ ಗೊತ್ತಾಗುತ್ತದೆ. "ಮಗುವಿಗೆ ಪರೀಕ್ಷೆ ಇತ್ತಲ್ಲ, ನಿಮಗ್ಯಾಕೆ ಗಾಬರಿ ಅಂತ ಹೇಳಲಿಲ್ಲ" ಎನ್ನುತ್ತಾರೆ. ನಾವೇನು ಕಡಿಮೆ? ಕೆಲಸ ಹೋಗಿ ಮೂರು ತಿಂಗಳಾದರೂ ಭಾನುವಾರದ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ" ಎಂದವರು ನಮ್ಮಲ್ಲೂ ಇದ್ದಾರೆ. ಎರಡೂ ಕಡೆ ಪ್ರೀತಿಯೇ, ಅನುಮಾನವಿಲ್ಲ. ಆದರೆ ತಂತಿ ತಡವಾದದ್ದರಿಂದ ಹೋದವರ ಮುಖ ನೋಡುವ ಅವಕಾಶ ರಾಮಾನುಜಂಗೆ ತಪ್ಪಿತು. ಅದನ್ನು ಯಾವ ಮದುವೆಯೂ ತುಂಬಿಕೊಡುವುದಿಲ್ಲ ಎಂಬುದು ನಮ್ಮಲ್ಲಿ ಹೆಚ್ಚಿನವರ ಮತ. ಆ ಕಂತು ನೋಡಿದ ವಾರ ಊರಿಗೆ ಫೋನ್ ಮಾಡಿ, ಇನ್ನು ಮೇಲೆ ಕಾಯಿಲೆ ಮುಚ್ಚಿಡಬಾರದು ಎಂದು ಕರಾರು ಮಾಡಿಕೊಂಡೆವು. ಅಮ್ಮ ಒಪ್ಪಿದರು. ನಂಬುವುದು ಕಷ್ಟ.

ಇದರ ಜೊತೆ ನೋಡಬೇಕಾದದ್ದು 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು'. ಹೇಮಂತ್ ರಾವ್ ನಿರ್ದೇಶನ. ಮರೆವಿನ ರೋಗವಾದ ಆಲ್‌ಝೈಮರ್ ಬಂದ ತಂದೆ ವೆಂಕೋಬರಾವ್ ಆಗಿ ಅನಂತನಾಗ್. ಮುಂಬೈಯಲ್ಲಿ ಕೆಲಸಕ್ಕಿರುವ ಮಗನಾಗಿ ರಕ್ಷಿತ್ ಶೆಟ್ಟಿ. ತಂದೆ ಕಾಣೆಯಾದ ಮೇಲೆ ಮಗನಿಗೆ ಆತನ ಗುರುತು ಹೇಳಲು ಉಳಿಯುವುದು ಪ್ರಕಟಣೆಯ ಈ ನಾಲ್ಕು ಪದ. ಹುಡುಕುತ್ತಾ ಹೋದಂತೆ, ಅಪ್ಪ ಎಂಥವರು ಎಂದು ಬೇರೆಯವರಿಂದ ಕೇಳಿ ತಿಳಿಯಬೇಕಾಗುತ್ತದೆ. ಗೂಂಡಾಗಳ ಉಪಕಥೆ ನಮಗೆ ಸ್ವಲ್ಪ ಉದ್ದವಾಯಿತು. ಆ ಹೊತ್ತಿಗೆ ಎದ್ದು ಕಾಫಿ ಮಾಡಿಕೊಂಡು ಬರಬಹುದು. ಆದರೆ ಅನಂತನಾಗ್ ದಾರಿ ತಪ್ಪಿದ ಮಗುವಿನಂತೆ ನೋಡುವ ನೋಟ ಇದೆಯಲ್ಲ, ಅದಕ್ಕೆ ಅಡಿಯಲ್ಲಿ ಬರುವ ಸಬ್‌ಟೈಟಲ್ ಬೇಕಿಲ್ಲ. ನಮ್ಮ ಮನೆಯಲ್ಲಿ ಅವತ್ತು ಯಾರೂ ಲೈಟು ಹಾಕಲಿಲ್ಲ.

ಇವತ್ತಿನ ಟಿಕೆಟ್ ಹಣ ಊರಿನಲ್ಲಿ ಒಂಟಿಯಾಗಿರುವ ಹಿರಿಯರ ಆರೈಕೆಗೆ ಹೋಗುತ್ತದೆ ಎಂದು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ಬಾಗಿಲ ಹತ್ತಿರದ ಡಬ್ಬಿ ಇನ್ನೂ ಹಗುರಾಗಿದೆ ಎಂದೂ ಹೇಳಿದರು; ನಾವು ಬರೀ ನೆನಪಿಸುತ್ತಿದ್ದೇವೆ.

ಮುಂದಿನ ಶನಿವಾರಕ್ಕೆ 'ತಬರನ ಕಥೆ' ಎತ್ತಿಟ್ಟುಕೊಂಡಿದ್ದೇವೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರ ಚಿತ್ರ. ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ಜವಾನನದು. ಮಕ್ಕಳಿಗೆ 'ತಾಲ್ಲೂಕು ಕಚೇರಿ' ಎಂದರೇನು ಎಂದು ಬಿಡಿಸಿ ಹೇಳುವವರು ಬೇಕಾಗಿದ್ದಾರೆ. ಹಿರಿಯರು ಯಾರಾದರೂ ಬರುವುದಾದರೆ ಕಾಫಿ, ಕೋಡುಬಳೆ ನಮ್ಮದು.