ಹತ್ತಿರದ ಬಾಗಿಲು ತಟ್ಟದೆ ದೂರ ದೇಶದ ಮದ್ದು ಹುಡುಕಬೇಡಿ

(ಕೊಡೇಕಲ್‌ನಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ಮಾಡಿದ ಭಾಷಣದ ಸಾರಾಂಶ)





ಹೋದ ವಾರ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ಹಿರಿಯರು, ಎಲ್ಲರೂ ಹೋಗುವವರೆಗೆ ಕಾದು, ನನ್ನ ಪಕ್ಕ ಬಂದು ಕುಳಿತರು. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಮೆಕ್ಸಿಕೊ ದೇಶದ ಒಂದು ಕ್ಲಿನಿಕ್. ಒಂದೇ ರಾತ್ರಿಯ ಮದ್ದಿನಿಂದ ವರ್ಷಗಳ ಚಟ ಹೋಯಿತೆಂದು ಒಬ್ಬ ಹೇಳುತ್ತಿದ್ದ. "ಹಜರತ್, ಬೆಂಗಳೂರಿಗೆ ದುಡಿಯಾಕ ಹೋದ ಮಗ ಹಾಳಾಗ್ಯಾನ್ರಿ. ಮೊದಲು ಕುಡೀತಿದ್ದ, ಈಗ ನೋವಿನ ಗುಳಿಗೆ ಇಲ್ಲದ ಇರಂಗಿಲ್ಲ. ಕಾಲುವೆ ನೀರಿನ ಎರಡು ಎಕರೆ ಮಾರಿ ಅಲ್ಲಿಗೆ ಕಳಸಬೇಕಂತ ಮಾಡೀನಿ. ಜಾಯಿಝ್ ಅದ ಏನ್ರಿ?" ಎಂದರು.

"ಚಾಚಾ, ಇಲ್ಲಿಯ ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಕೇಳಿದೆ. ತಲೆ ತಗ್ಗಿಸಿದರು. "ಊರಾಗ ಗೊತ್ತಾದ್ರ ಮಗಳಿಗೆ ರಿಷ್ತಾ ಬರಂಗಿಲ್ರಿ."

ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಇವತ್ತು ಈ ವಿಷಯ ಎತ್ತಿಕೊಂಡಿದ್ದೇನೆ. ಇದು ಒಂದೇ ಮನೆಯ ದುಃಖವಲ್ಲ.

ಮೊದಲು ಆ ಮದ್ದು ಏನೆಂದು ತಿಳಿಯೋಣ. ಅದರ ಹೆಸರು ಐಬೊಗೇನ್. ಆಫ್ರಿಕಾದ ಗ್ಯಾಬೊನ್ ಕಡೆ ಬೆಳೆಯುವ ಒಂದು ಗಿಡದ ಬೇರಿನ ತೊಗಟೆಯಿಂದ ಬರುತ್ತದೆ. ತೆಗೆದುಕೊಂಡವನಿಗೆ ಗಂಟೆಗಟ್ಟಲೆ ಎಚ್ಚರದಲ್ಲೇ ಕನಸಿನಂಥ ದೃಶ್ಯಗಳು ಕಾಣುತ್ತವೆ. ಇದೇ ಜಾತಿಗೆ ಸೇರಿದವು ಅಣಬೆಯ ಸಿಲೊಸೈಬಿನ್, ಎಲ್‌ಎಸ್‌ಡಿ ಮತ್ತು ದಕ್ಷಿಣ ಅಮೆರಿಕದ ಅಯಾವಾಸ್ಕಾ ಕಷಾಯ. ಇವುಗಳ ಬಗ್ಗೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆದಿರುವುದು ನಿಜ. 2022ರಲ್ಲಿ ನ್ಯೂಯಾರ್ಕಿನ ವೈದ್ಯರು ಕುಡಿತದ ರೋಗಿಗಳಿಗೆ ಮಾತಿನ ಚಿಕಿತ್ಸೆಯ ಜೊತೆ ಸಿಲೊಸೈಬಿನ್ ಕೊಟ್ಟು, ವಿಪರೀತ ಕುಡಿಯುವ ದಿನಗಳು ಕಡಿಮೆಯಾದವೆಂದು ವರದಿ ಮಾಡಿದರು. ಆದರೆ ಅದು ಆರಿಸಿದ ರೋಗಿಗಳ ಮೇಲೆ, ವೈದ್ಯರ ಕಣ್ಣೆದುರು ನಡೆದ ಪರೀಕ್ಷೆ. ಹಣ ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳುವ ಕ್ಲಿನಿಕ್ ಅದಲ್ಲ.

ಐಬೊಗೇನ್ ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲದು. 1990ರಿಂದ 2008ರವರೆಗೆ ಇದನ್ನು ತೆಗೆದುಕೊಂಡ ಬಳಿಕ ಸತ್ತ 19 ಜನರ ವಿವರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಲವರಿಗೆ ಮೊದಲೇ ಹೃದಯದ ತೊಂದರೆ ಇತ್ತು, ಕೆಲವರ ದೇಹದಲ್ಲಿ ಬೇರೆ ಮಾದಕ ವಸ್ತುವೂ ಇತ್ತು. ಚಟಕ್ಕೆ ಬಿದ್ದವನ ದೇಹ ಇರುವುದೇ ಹೀಗೆ ಅಲ್ಲವೇ? ಇನ್ನೊಂದು ಅಪಾಯವೂ ಇದೆ. ಕೆಲವು ದಿನ ಬಿಟ್ಟಿದ್ದವನು ಊರಿಗೆ ಬಂದು ಹಳೆಯ ಲೆಕ್ಕದಲ್ಲೇ ಮತ್ತೆ ಗುಳಿಗೆ ನುಂಗಿದರೆ ದೇಹ ತಡೆಯುವುದಿಲ್ಲ, ಉಸಿರು ನಿಲ್ಲಬಹುದು.

ಈಗ ಕಾನೂನು. ಐಬೊಗೇನ್ ಅಮೆರಿಕದಲ್ಲಿ ನಿಷಿದ್ಧ. ಮೆಕ್ಸಿಕೊದಲ್ಲಿ ನಿಷೇಧವೂ ಇಲ್ಲ, ಔಷಧವೆಂಬ ಮಂಜೂರಾತಿಯೂ ಇಲ್ಲ. ಅಲ್ಲಿ ಏನಾದರೂ ಆದರೆ ಭಾಷೆ ಬಾರದ ನಾವು ಯಾರನ್ನು ಕೇಳುವುದು? ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಸಿಲೊಸೈಬಿನ್‌ಗೆ ಅನುಮತಿ ಕೊಟ್ಟಿದೆ. ಆದರೆ ಅದು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ, ಅದೂ ಅಧಿಕಾರ ಪಡೆದ ಮನೋವೈದ್ಯರ ಮೂಲಕ. ಚಟ ಬಿಡಿಸಲು ಅಲ್ಲ. ನಮ್ಮ ದೇಶದಲ್ಲಿ ಎಲ್‌ಎಸ್‌ಡಿ, ಸಿಲೊಸೈಬಿನ್, ಅಯಾವಾಸ್ಕಾದಲ್ಲಿರುವ ಡಿಎಂಟಿ, ಇವೆಲ್ಲ 1985ರ ಎನ್‌ಡಿಪಿಎಸ್ ಕಾಯಿದೆಯ ಪಟ್ಟಿಯಲ್ಲಿವೆ. ಅಲ್ಲಿ ಡಾಕ್ಟರೇ ಕೊಟ್ಟರೆಂದು ಉಳಿದದ್ದನ್ನು ಚೀಲದಲ್ಲಿ ತಂದರೆ, ಅಂಚೆಯಲ್ಲಿ ತರಿಸಿದರೆ, ಅದು ಆಮದು ಅಪರಾಧ. ಎಲ್‌ಎಸ್‌ಡಿ ಒಂದು ಗ್ರಾಮಿನ ಹತ್ತನೇ ಭಾಗ ಮೀರಿದರೆ ಶಿಕ್ಷೆ 10 ವರ್ಷದಿಂದ ಶುರುವಾಗುತ್ತದೆ. ನಮ್ಮ ಕಡೆಯ ಎಷ್ಟೋ ಜನ ವಿಮಾನ ಬದಲಿಸುವುದು ದುಬೈ, ದೋಹಾಗಳಲ್ಲಿ. ಮಾದಕ ವಸ್ತುವಿನ ವಿಷಯದಲ್ಲಿ ಅಲ್ಲಿಯ ಕಾನೂನು ಎಷ್ಟು ಕಠಿಣವೆಂದು ಗಲ್ಫಿನಲ್ಲಿ ದುಡಿದು ಬಂದವರನ್ನು ಕೇಳಿ.

ಇನ್ನು ದೀನ್ ಏನು ಹೇಳುತ್ತದೆ? ಅಮಲೇರಿಸುವುದೆಲ್ಲ ಹರಾಮ್ ಎಂಬುದು ಪ್ರವಾದಿ(ಸ)ರ ಸ್ಪಷ್ಟ ಮಾತು. ತಾರಿಕ್ ಬಿನ್ ಸುವೈದ್(ರ) ಮದ್ದಿಗಾಗಿ ಮದ್ಯ ತಯಾರಿಸುವ ಬಗ್ಗೆ ಕೇಳಿದಾಗ, ಅದು ಮದ್ದಲ್ಲ, ಅದೇ ಒಂದು ರೋಗ ಎಂದು ತಡೆದರು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು, ಅನಿವಾರ್ಯವಾದಾಗ ವಿದ್ವಾಂಸರು ಅನುಮತಿ ಕೊಟ್ಟಿದ್ದಾರೆ. ಅದಕ್ಕೆ ಷರತ್ತುಗಳಿವೆ: ಹಲಾಲ್ ದಾರಿ ಬೇರೆ ಇರಬಾರದು, ನಂಬಿಕೆಯ ನುರಿತ ವೈದ್ಯನೇ ಬೇಕೆನ್ನಬೇಕು, ಬೇಕಾದಷ್ಟನ್ನೇ ಕೊಡಬೇಕು. ವೈದ್ಯ ತಿಳಿಯದೆ ಚಿಕಿತ್ಸೆಗೆ ಕೈಹಾಕಿದವನೇ ಆದ ಹಾನಿಗೆ ಹೊಣೆ ಎಂದೂ ಹದೀಸಿನಲ್ಲಿದೆ. ನಿಮ್ಮ ಕೈಯಾರೆ ನಿಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬೇಡಿರೆಂದು ಅಲ್ಲಾಹನು ಅಲ್ ಬಕರಃದಲ್ಲಿ ಎಚ್ಚರಿಸಿದ್ದಾನೆ.

ಆ ಹಿರಿಯರ ವಿಷಯದಲ್ಲಿ ಮೊದಲ ಷರತ್ತೇ ನಿಲ್ಲುವುದಿಲ್ಲ. ಹತ್ತಿರದ ಬಾಗಿಲನ್ನು ಅವರು ಇನ್ನೂ ತಟ್ಟಿಯೇ ಇಲ್ಲ.

ಆ ಬಾಗಿಲುಗಳು ಯಾವುವು? 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ಚಟ ಬಿಡಿಸುವ ವಿಚಾರಕ್ಕೆಂದೇ 14446 ಇದೆ. ಎರಡಕ್ಕೂ ದುಡ್ಡಿಲ್ಲ. ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಗುಳಿಗೆಯ ಚಟಕ್ಕೆ ಬುಪ್ರೆನಾರ್ಫಿನ್, ಕುಡಿತಕ್ಕೆ ನಾಲ್ಟ್ರೆಕ್ಸೋನ್‌ನಂಥ ಔಷಧಗಳನ್ನು ವೈದ್ಯರು ಅಳತೆ ನೋಡಿ ಕೊಡುತ್ತಾರೆ. ಇವು ಒಂದೇ ರಾತ್ರಿಯ ಪವಾಡವಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರು ಬಿದ್ದು ಮತ್ತೆ ಏಳುತ್ತಾರೆ. ಆದರೂ ಪರೀಕ್ಷಿಸಿದ ದಾರಿ ಇದೇ.

ತಾಯಂದಿರಿಗೂ ಒಂದು ಮಾತು ಮುಟ್ಟಿಸಿ. ಬಹಳ ಕಾಲ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣವೂ ಹೋಗಬಹುದು. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಕೆಲಸ.

ಪೊಲೀಸರ ಭಯವೇ? ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕವನು ತಾನಾಗಿ ಸರಕಾರಿ ಅಥವಾ ಸರಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಅಷ್ಟೆ. ಜನರ ಭಯವೇ? 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಯ ವಿಷಯವನ್ನು ವೈದ್ಯರು ಗುಟ್ಟಾಗಿ ಇಡಬೇಕು. ಸರಪಳಿ ಬಿಗಿಯುವುದನ್ನೂ ಅದೇ ಕಾಯಿದೆ ನಿಷೇಧಿಸಿದೆ. ಯಾವ ಕೇಂದ್ರಕ್ಕೆ ಸೇರಿಸಿದರೂ ನೋಂದಣಿ ಇದೆಯೇ ಎಂದು ಮೊದಲು ಕೇಳಿ.

ಸಹೋದರರೇ, ಕೊನೆಯ ಮಾತು ನನಗೂ ನಿಮಗೂ. ಆ ಹಿರಿಯರನ್ನು ಮೆಕ್ಸಿಕೊ ಕಡೆ ತಳ್ಳಿದ್ದು ವಿಡಿಯೊ ಒಂದೇ ಅಲ್ಲ, ನಮ್ಮ ನಾಲಿಗೆಯೂ ಹೌದು. ಪ್ರವಾದಿ(ಸ)ರ ಕಾಲದಲ್ಲಿ ಒಬ್ಬರು ಮತ್ತೆ ಮತ್ತೆ ಕುಡಿದು ಶಿಕ್ಷೆಗೆ ಒಳಗಾದರು. ಯಾರೋ ಶಪಿಸಿದಾಗ ಪ್ರವಾದಿ(ಸ)ರು ತಡೆದು, ಈತನಿಗೆ ಅಲ್ಲಾಹ್ ಮತ್ತು ರಸೂಲರ ಮೇಲೆ ಪ್ರೀತಿ ಇದೆ ಎಂದರೆಂದು ಸಹೀಹ್ ಬುಖಾರಿಯಲ್ಲಿದೆ. ಪಾಪಕ್ಕೆ ಒಪ್ಪಿಗೆ ಕೊಡಲಿಲ್ಲ, ಮನುಷ್ಯನನ್ನೂ ಕೈಬಿಡಲಿಲ್ಲ. ಅಣ್ಣ ಆಸ್ಪತ್ರೆಗೆ ಹೋದನೆಂದು ತಂಗಿಯ ರಿಷ್ತಾ ಮುರಿಯುವವರು ಈ ಹದೀಸನ್ನು ಎಲ್ಲಿ ಇಟ್ಟಿದ್ದಾರೆ?

ಧಾರವಾಡಕ್ಕೆ ಹೋಗಿಬರಲು ಬಸ್ ಚಾರ್ಜಿಲ್ಲದ ಮನೆಗೆ ಜಮಾಅತ್ ಕೈಹಿಡಿಯಲಿ. ಜೊತೆಗೆ ಹೋಗಲು ಯುವಕನೊಬ್ಬ ಮುಂದೆ ಬರಲಿ. ಆ ಹಿರಿಯರು ಹೊಲ ಮಾರುವುದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಮಗ ಊರಿಗೆ ಬರಲು ಒಪ್ಪಿದ್ದಾನೆ. ಅವನು ಇದೇ ಸಫ್ಫಿನಲ್ಲಿ ಬಂದು ನಿಂತಾಗ ಯಾರೂ ತಿರುಗಿ ನೋಡಬೇಡಿ. ಸರಿದು ಜಾಗ ಕೊಡಿ.

ಯಾ ಅಲ್ಲಾಹ್, ನಮ್ಮ ಮಕ್ಕಳಿಗೆ ಶಿಫಾ ಕೊಡು. ತಂದೆ ತಾಯಂದಿರಿಗೆ ಸಬ್ರ್ ಕೊಡು. ನಮ್ಮ ನಾಲಿಗೆಯಿಂದ ಯಾರ ಮನೆಯೂ ಮುರಿಯದಂತೆ ಕಾಪಾಡು. ಆಮೀನ್.